ಜೀವನಾಂಶದ ಅರ್ಜಿ: ಮೊದಲು ಕಾಗದ, ಆಮೇಲೆ ವಾದ

“ಮೇಡಂ, ಅವರಿಗೆ ಸಂಬಳ ಎಷ್ಟು ಬರುತ್ತೆ ಅಂತ ನಂಗೆ ಗೊತ್ತಿಲ್ಲ. ಯಾವತ್ತೂ ಹೇಳಿಲ್ಲ.”

ಜೀವನಾಂಶ ಕೇಳಿಕೊಂಡು ಬರುವ ಹೆಣ್ಣುಮಕ್ಕಳು ಕುರ್ಚಿಯಲ್ಲಿ ಕೂತು ಮೊದಲು ಆಡುವ ಮಾತು ಬಹುಮಟ್ಟಿಗೆ ಇದೇ. ಹತ್ತು ವರ್ಷ ಸಂಸಾರ ಮಾಡಿದವರೂ ಹೀಗೇ ಹೇಳುತ್ತಾರೆ. ಆಗ ನಾವು ವಕೀಲರು ಮಾಡುವುದೇನು? ಹಳೆಯ ಅರ್ಜಿಯೊಂದನ್ನು ಕಂಪ್ಯೂಟರಿನಲ್ಲಿ ತೆರೆದು, “ಎದುರುದಾರನಿಗೆ ಮಾಸಿಕ ಒಂದು ಲಕ್ಷ ರೂಪಾಯಿಗೂ ಮಿಗಿಲಾದ ಆದಾಯವಿದ್ದು” ಎಂಬ ಸಾಲನ್ನು ಹಾಗೇ ಇಳಿಸುತ್ತೇವೆ. ಎದುರು ಕಡೆಯವರು “ಎದುರುದಾರನು ಕೂಲಿ ಮಾಡಿಕೊಂಡಿದ್ದು, ವಯಸ್ಸಾದ ತಂದೆತಾಯಿಯರ ಭಾರ ಹೊತ್ತಿದ್ದು” ಎಂದು ಇಳಿಸುತ್ತಾರೆ. ಎರಡಕ್ಕೂ ದಾಖಲೆ ಇರುವುದಿಲ್ಲ. ನ್ಯಾಯಾಧೀಶರು ನಡುವಿನ ಯಾವುದೋ ಒಂದು ಮೊತ್ತವನ್ನು ಊಹಿಸಿ ಆದೇಶ ಮಾಡಬೇಕಾಗುತ್ತದೆ. ಆ ಊಹೆಯ ಮೊತ್ತದಲ್ಲೇ ಒಬ್ಬ ತಾಯಿ ಮನೆ ಬಾಡಿಗೆ ಕಟ್ಟಬೇಕು, ರೇಷನ್ ತರಬೇಕು, ಮಗುವಿನ ಫೀಸು ತುಂಬಬೇಕು.

ಕೌಟುಂಬಿಕ ನ್ಯಾಯಾಲಯಗಳಲ್ಲಿ ಕೆಲಸ ಶುರು ಮಾಡಿರುವ ಕಿರಿಯ ವಕೀಲ ಮಿತ್ರರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೇಸು ನಡೆಸುತ್ತಿರುವ ಕಕ್ಷಿದಾರರು ಓದಿದರೂ ಉಪಯೋಗವಾದೀತು. ವಿಚ್ಛೇದನ, ಮಗುವಿನ ಸುಪರ್ದಿ, ಹೊರದೇಶದ ಡಿಕ್ರಿಗಳು ಎಂದು ಹೇಳಬೇಕಾದದ್ದು ಬಹಳ ಇದೆ. ಆದರೆ ಹೆಚ್ಚಿನ ಮನೆಗಳ ಒಲೆ ಉರಿಯುವುದು ಜೀವನಾಂಶದ ಆದೇಶದಿಂದ, ಹಾಗಾಗಿ ಈ ಲೇಖನ ಅದಕ್ಕೇ ಮೀಸಲು.

ಕಲಂ ಬದಲಾಗಿದೆ, ತಿರುಳು ಅದೇ

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಮಗೆಲ್ಲ ಬಾಯಿಪಾಠವಾಗಿದ್ದ ಕಲಂ 125 ಈಗ ಕಲಂ 144. ಆ ದಿನಕ್ಕೆ ಮೊದಲೇ ಹಾಕಿ ಬಾಕಿ ಉಳಿದಿದ್ದ ಅರ್ಜಿಗಳು ಹಳೆಯ ಸಂಹಿತೆಯಡಿಯಲ್ಲೇ ಮುಂದುವರಿಯುತ್ತವೆ. ಹೊಸ ಅರ್ಜಿಯ ತಲೆಬರಹದಲ್ಲಿ ಹಳೆಯ ಕಲಂ ಬರೆದು ಕಚೇರಿ ತಕರಾರು ಹಾಕಿಸಿಕೊಂಡರೆ ಒಂದು ವಾಯಿದೆ ವ್ಯರ್ಥವಾಗುತ್ತದೆ. ತಿಂಗಳಿಗೆ 500 ರೂಪಾಯಿ ಎಂಬ ಹಳೆಯ ಮಿತಿ 2001ರ ತಿದ್ದುಪಡಿಯಲ್ಲೇ ಹೋಯಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಎಂಬ ಮಾತೂ ಅದೇ ತಿದ್ದುಪಡಿಯಲ್ಲಿ ಬಂದದ್ದು. ಹೊಸ ಸಂಹಿತೆ ಅದನ್ನು ಉಳಿಸಿಕೊಂಡಿದೆ. ಆರ್ಡರ್ ಶೀಟಿನಲ್ಲಿ ಆ 60 ದಿನದ ಪ್ರಸ್ತಾಪವಾಗಬೇಕಾದರೆ ನಾವು ಎದ್ದು ನಿಂತು ಕೇಳಬೇಕು.

ವಯಸ್ಸಾದ ತಂದೆತಾಯಿಗೆ ಹೊಸ ಸಂಹಿತೆಯಿಂದ ಒಂದು ಅನುಕೂಲವಾಗಿದೆ. ಕಲಂ 145ರ ಪ್ರಕಾರ ಅವರು ತಾವು ವಾಸವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ಮಗ ಇರುವ ಊರಿಗೆ ಅಲೆಯಬೇಕಾಗಿಲ್ಲ. ಹೆಂಡತಿಗೆ ಈ ಸವಲತ್ತು ಮೊದಲಿನಿಂದಲೂ ಇತ್ತು.

ಯಾರಿಗೆ ಹಕ್ಕಿದೆ ಎಂಬ ಬಗ್ಗೆ ಇತ್ತೀಚಿನ ಮೂರು ತೀರ್ಪುಗಳನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಕೋರ್ಟಿಗೆ ಹೋಗಿ. ಮೊಹಮ್ಮದ್ ಅಬ್ದುಲ್ ಸಮದ್ ಪ್ರಕರಣದಲ್ಲಿ 2024ರ ಜುಲೈ 10ರಂದು ಸುಪ್ರೀಂ ಕೋರ್ಟ್, ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಈ ಕಲಮಿನಡಿ ಜೀವನಾಂಶ ಕೇಳಬಹುದು, 1986ರ ವಿಶೇಷ ಕಾಯ್ದೆ ಅದಕ್ಕೆ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. ಸುಖದೇವ್ ಸಿಂಗ್ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ, ಮದುವೆ ಅಸಿಂಧು ಎಂದು ಘೋಷಣೆಯಾದರೂ ಹಿಂದೂ ವಿವಾಹ ಕಾಯ್ದೆಯ ಕಲಂ 25ರಡಿ ಶಾಶ್ವತ ಜೀವನಾಂಶ ಕೇಳುವ ದಾರಿ ತೆರೆದಿದೆ ಎಂದಿತು. ಮೂರನೆಯದು 2025ರ ಜನವರಿಯ ರೀನಾ ಕುಮಾರಿ ಪ್ರಕರಣ. ಹೆಂಡತಿ ಜೀವನಾಂಶ ಕೇಳಿದಳು ಅಂದ ಕೂಡಲೇ ಗಂಡನ ಕಡೆಯಿಂದ ಹಿಂದೂ ವಿವಾಹ ಕಾಯ್ದೆಯ ಕಲಂ 9ರಡಿ “ನನ್ನ ಹೆಂಡತಿ ನನ್ನ ಜೊತೆ ಬಂದು ಬಾಳಲಿ” ಎಂಬ ಅರ್ಜಿ ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಡಿಕ್ರಿ ಸಿಕ್ಕಿ ಆಕೆ ಹೋಗದಿದ್ದರೆ “ಕಾರಣವಿಲ್ಲದೆ ಬಿಟ್ಟು ಹೋದವಳು” ಎಂದು ಜೀವನಾಂಶ ತಪ್ಪಿಸುವ ಲೆಕ್ಕಾಚಾರ ಅದು. ಬರೀ ಅಂಥ ಡಿಕ್ರಿ ಇದೆ ಎಂಬುದೇ ಜೀವನಾಂಶ ನಿರಾಕರಿಸಲು ಸಾಕಾಗುವುದಿಲ್ಲ, ಆಕೆ ಹಿಂದಿರುಗದಿರಲು ಸಕಾರಣವಿತ್ತೇ ಎಂಬುದನ್ನು ನೋಡಬೇಕು ಎಂದು ಆ ತೀರ್ಪು ಹೇಳಿದೆ.

ಅಫಿಡವಿಟ್ಟು ಎಂಬ ಬೆನ್ನೆಲುಬು

ಇನ್ನು ಮುಖ್ಯ ವಿಷಯ. 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಗಳು ಜೀವನಾಂಶದ ಕೇಸು ನಡೆಸುವ ಕ್ರಮವನ್ನೇ ಬದಲಿಸಬೇಕಾಗಿತ್ತು. ಎರಡೂ ಕಡೆಯವರು ತಮ್ಮ ಆದಾಯ, ಖರ್ಚು, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣ ಮಾಡಿ ಅಫಿಡವಿಟ್ಟಿನಲ್ಲಿ ಬರೆದುಕೊಡಬೇಕು. ನಮೂನೆಯನ್ನು ತೀರ್ಪಿನ ಜೊತೆಗೇ ಲಗತ್ತಿಸಿದ್ದಾರೆ. ಅರ್ಜಿದಾರಳು ಅರ್ಜಿಯ ಜೊತೆಗೇ ಕೊಡಬೇಕು, ಎದುರುದಾರ ಹೆಚ್ಚೆಂದರೆ ನಾಲ್ಕು ವಾರದಲ್ಲಿ ಕೊಡಬೇಕು. ಅದಕ್ಕಾಗಿ ಎರಡಕ್ಕಿಂತ ಹೆಚ್ಚು ಸಲ ಸಮಯ ಕೊಡುವಂತಿಲ್ಲ. ಬೇಕೆಂದೇ ಎಳೆದಾಡಿದರೆ ಅವನ ತಕರಾರನ್ನೇ ತೆಗೆದುಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ. ಮೂರು ವರ್ಷ ಕಳೆದ ಮೇಲೆ, 2023ರ ನವೆಂಬರಿನಲ್ಲಿ ಅದಿತಿ ಪ್ರಕರಣದಲ್ಲಿ, ಮಾರ್ಗಸೂಚಿಗಳು ಪಾಲನೆಯಾಗುತ್ತಿಲ್ಲ ಎಂದು ಅದೇ ಸುಪ್ರೀಂ ಕೋರ್ಟ್ ಮತ್ತೆ ನೆನಪಿಸಬೇಕಾಯಿತು. ಪಾಲನೆಯಾಗದ್ದರಲ್ಲಿ ನಮ್ಮ ಪಾಲೂ ಇದೆ. ನಮೂನೆಯ ಹಾಳೆಗಳನ್ನು ಗುಮಾಸ್ತರ ಕೈಗೆ ಕೊಟ್ಟು, “ಅನ್ವಯಿಸುವುದಿಲ್ಲ” ಎಂದು ಸಾಲುಸಾಲಾಗಿ ತುಂಬಿಸಿ, ಕೊನೆಯಲ್ಲಿ ಕಕ್ಷಿದಾರಳ ಸಹಿ ಹಾಕಿಸಿಕೊಳ್ಳುವ ಪರಿಪಾಠ ಬೆಳೆದುಬಿಟ್ಟಿದೆ.

ಅಫಿಡವಿಟ್ಟಿಗೆಂದೇ ಒಂದು ಸಂಜೆ ಮೀಸಲಿಡಿ. ಕಕ್ಷಿದಾರಳನ್ನು ಎದುರು ಕೂರಿಸಿಕೊಂಡು ತಿಂಗಳ ಖರ್ಚನ್ನು ಅವಳ ಬಾಯಿಂದಲೇ ಹೇಳಿಸಿ ಬರೆದುಕೊಳ್ಳಿ: ಬಾಡಿಗೆ, ಹಾಲು, ಗ್ಯಾಸ್ ಸಿಲಿಂಡರ್, ಬಸ್ ಪಾಸು, ಮಗುವಿನ ಟ್ಯೂಷನ್, ಅತ್ತೆ ಮನೆಯಲ್ಲಿದ್ದಾಗ ಶುರುವಾದ ಥೈರಾಯ್ಡ್ ಮಾತ್ರೆ. “ಊಟ-ಬಟ್ಟೆ ಇತ್ಯಾದಿಗೆ 30,000” ಎಂದು ಬರೆದ ಅಂಕಿ ಪಾಟಿ ಸವಾಲಿನಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ. ಶಾಲೆಯ ರಸೀದಿ, ಬಾಡಿಗೆ ಕರಾರು, ಮೆಡಿಕಲ್ ಶಾಪಿನ ಬಿಲ್ಲು ಇದ್ದ ಅಂಕಿಯನ್ನು ಎದುರು ವಕೀಲರು ಮುಟ್ಟಲು ಹೋಗುವುದಿಲ್ಲ.

ಹೆಂಡತಿ ಕೆಲಸಕ್ಕೆ ಹೋಗುತ್ತಿದ್ದರೆ ದಯವಿಟ್ಟು ಅದನ್ನು ಮುಚ್ಚಿಡಬೇಡಿ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿದು ತಿಂಗಳಿಗೆ 12,000 ರೂಪಾಯಿ ತರುವ ಹೆಣ್ಣುಮಗಳ ಅಫಿಡವಿಟ್ಟಿನಲ್ಲಿ “ಯಾವುದೇ ಆದಾಯವಿಲ್ಲ” ಎಂದು ಬರೆಸಿದಿರಿ ಎಂದುಕೊಳ್ಳಿ. ಎದುರು ಕಡೆಯವರು ಅವಳ ಪಿಎಫ್ ಪಾಸ್‌ಬುಕ್ ತಂದು ಹಾಜರುಪಡಿಸಿದ ದಿನ ಅವಳು ಹೇಳಿದ ಉಳಿದೆಲ್ಲ ಸತ್ಯಗಳೂ ಬಿದ್ದುಹೋಗುತ್ತವೆ. ಮುಚ್ಚಿಡುವ ಅಗತ್ಯವಾದರೂ ಏನಿದೆ? ಹೆಂಡತಿಗೆ ಒಂದಿಷ್ಟು ಸಂಪಾದನೆ ಇದೆ ಎಂಬ ಮಾತ್ರಕ್ಕೆ ಜೀವನಾಂಶ ತಪ್ಪಿಸುವಂತಿಲ್ಲ ಎಂದು ಸುನೀತಾ ಕಛ್ವಾಹಾ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗಂಡನ ಮನೆಯಲ್ಲಿದ್ದಾಗಿನ ಬಾಳಿಗೂ ಈಗ ಆ 12,000ದಲ್ಲಿ ಸಾಗಿಸುತ್ತಿರುವ ಬಾಳಿಗೂ ಇರುವ ಅಂತರವನ್ನು ತೋರಿಸಿ. ಸತ್ಯ ಹೇಳಿ ಕೇಳುವ 10,000, ಸುಳ್ಳು ಹೇಳಿ ಕೇಳುವ 25,000ಕ್ಕಿಂತ ಬೇಗ ಸಿಗುತ್ತದೆ.

ಹಾಗೆಯೇ ಬೇರೆ ಕೇಸುಗಳ ವಿವರ. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಮುಂದೆ ಒಂದು ಆದೇಶವಾಗಿದ್ದರೆ, ವಿಚ್ಛೇದನದ ಕೇಸಿನಲ್ಲಿ ಹಿಂದೂ ವಿವಾಹ ಕಾಯ್ದೆಯ ಕಲಂ 24ರಡಿ ಇನ್ನೊಂದು ಆಗಿದ್ದರೆ, ಎರಡನ್ನೂ ಹೇಳಲೇಬೇಕು. ಒಂದರಲ್ಲಿ ಬಂದ ಹಣವನ್ನು ಇನ್ನೊಂದರಲ್ಲಿ ವಜಾ ಮಾಡಿಕೊಳ್ಳುತ್ತಾರೆ.

ಗಂಡನ ಪರ ವಕಾಲತ್ತು ಹಾಕಿದವರಿಗೂ ಇದೇ ಮಾತು. ನಿಜವಾಗಿಯೂ ಕೆಲಸ ಹೋಗಿದ್ದರೆ ಕಂಪನಿಯ ಪತ್ರ ಹಾಕಿ, ಗೃಹಸಾಲದ ಕಂತು ಹೋಗುತ್ತಿದ್ದರೆ ಸಾಲದ ಖಾತೆಯ ಸ್ಟೇಟ್‌ಮೆಂಟ್ ಹಾಕಿ, ತಾಯಿಗೆ ಡಯಾಲಿಸಿಸ್ ಇದ್ದರೆ ಆಸ್ಪತ್ರೆಯ ಕಾಗದ ಹಾಕಿ. “ಕೂಲಿ” ಎಂಬ ಒಂದು ಪದದ ಹಿಂದೆ ಅಡಗುವ ಕಾಲ ಹೋಯಿತು. ಮೈಯಲ್ಲಿ ಶಕ್ತಿ ಇರುವ ಗಂಡ ದೈಹಿಕ ಶ್ರಮ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರ ಅಂಜು ಗರ್ಗ್ ತೀರ್ಪು ಕಟ್ಟುನಿಟ್ಟಾಗಿ ಹೇಳಿದೆ.

ಎದುರುದಾರನ ಕಾಗದ ಓದುವ ಬಗೆ

ಎದುರು ಕಡೆಯಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ಬಂತು ಎಂದುಕೊಳ್ಳಿ. ಕೊನೆಯಲ್ಲಿ ಉಳಿದ ಮೊತ್ತ 1,842 ರೂಪಾಯಿ ಎಂದು ನೋಡಿ ಮಡಚಿ ಇಡಬೇಡಿ. ಒಂದು ಸ್ಕೇಲು, ಒಂದು ಪೆನ್ಸಿಲ್ ತೆಗೆದುಕೊಂಡು ಸಾಲುಸಾಲಾಗಿ ಓದಿ. ಪ್ರತಿ ತಿಂಗಳು ಸಂಬಳ ಬಿದ್ದ ಮರುದಿನ ಒಂದೇ ಮೊತ್ತ ಅಣ್ಣನ ಖಾತೆಗೋ ಅಪ್ಪನ ಖಾತೆಗೋ ಹೋಗುತ್ತಿದೆಯೇ? ಹೋಗುತ್ತಿದ್ದರೆ ಅದು ಯಾವ ತಿಂಗಳಿನಿಂದ ಶುರುವಾಯಿತು? ನೋಟಿಸ್ ಜಾರಿಯಾದ ತಿಂಗಳಿನಿಂದಲೇ ಆಗಿದ್ದರೆ ಆ ಸಾಲಿನ ಕೆಳಗೆ ಗೆರೆ ಎಳೆಯಿರಿ. ಪೆಟ್ರೋಲ್ ಬಂಕಿನ, ಹೋಟೆಲಿನ ಖರ್ಚುಗಳೇ ಕಾಣದಿದ್ದರೆ ಇನ್ನೊಂದು ಖಾತೆ ಇದೆ ಎಂದೇ ತಿಳಿಯಿರಿ. ಇದೇ ಸ್ಟೇಟ್‌ಮೆಂಟಿನಲ್ಲಿ ವಿಮೆಯ ಕಂತು, ಮ್ಯೂಚುವಲ್ ಫಂಡ್, ಚೀಟಿ ದುಡ್ಡು ಎಲ್ಲವೂ ಹೆಸರು ಸಮೇತ ಇರುತ್ತವೆ. ಅವು ಅಫಿಡವಿಟ್ಟಿನ ಆಸ್ತಿ ಕಾಲಂನಲ್ಲಿ ಇವೆಯೇ ಎಂದು ತಾಳೆ ನೋಡಿ.

ಸಂಬಳದ ಚೀಟಿಯಲ್ಲಿ ಕೈಗೆ ಬರುವ ಮೊತ್ತ ಹಠಾತ್ತನೆ ಇಳಿದಿದ್ದರೆ ಕಡಿತದ ಕಾಲಂ ನೋಡಿ. ಆದಾಯ ತೆರಿಗೆಯಂತೆ ಕಾನೂನಿನ ಪ್ರಕಾರ ಹೋಗಲೇಬೇಕಾದ ಕಡಿತ ಬೇರೆ, ತಾನೇ ಬರೆದುಕೊಟ್ಟು ಹೆಚ್ಚಿಸಿಕೊಂಡ ಪಿಎಫ್, ಸೊಸೈಟಿ ಸಾಲದ ಕಂತು ಬೇರೆ. ಎರಡನೆಯದು ಅವನದೇ ಉಳಿತಾಯ ಅಥವಾ ಅವನೇ ಪಡೆದ ಹಣ, ಮಕ್ಕಳ ಹೊಟ್ಟೆಯ ಲೆಕ್ಕದಿಂದ ಅದನ್ನು ಕಳೆಯಬಾರದು ಎಂದು ವಾದಿಸಿ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ಕಷ್ಟದ್ದು ಜಮೀನಿನ ಆದಾಯ. ರೈತ ಕುಟುಂಬಗಳಿಗೆಂದು ರಜನೀಶ್ ತೀರ್ಪಿನಲ್ಲಿ ಪ್ರತ್ಯೇಕ ನಮೂನೆಯೇ ಇದೆ: ಖುಷ್ಕಿಯೋ ತರಿಯೋ, ಬೆಳೆ ಏನು, ಹಿಂದಿನ ಮೂರು ವರ್ಷದ ಆದಾಯ ಎಷ್ಟು, ಗುತ್ತಿಗೆಗೆ ಕೊಟ್ಟಿದ್ದಾರೆಯೇ, ದನಕರು ಕುರಿ ಕೋಳಿ ಎಷ್ಟು, ಜಮೀನಿನ ಮೇಲೆ ಸಾಲವಿದೆಯೇ. ಈ ನಮೂನೆ ಬಳಸದೆ ಪಟ್ಟಣದ ನೌಕರರ ನಮೂನೆ ತುಂಬಿಸಿದರೆ ಜಮೀನಿನ ಪ್ರಶ್ನೆಯೇ ಏಳುವುದಿಲ್ಲ.

“ನನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ” ಎಂಬ ಉತ್ತರ ಬಂದೇ ಬರುತ್ತದೆ. ಪಹಣಿ ಇನ್ನೂ ತಾತನ ಹೆಸರಿನಲ್ಲಿರುವುದರಿಂದ ಅದು ಕಾಗದದ ಮಟ್ಟಿಗೆ ನಿಜವೂ ಹೌದು. ಅಲ್ಲಿಗೆ ಬಿಡದೆ ಊರಿನ ಹೆಸರು, ಸರ್ವೆ ನಂಬರ್ ಕೇಳಿಕೊಂಡು ‘ಭೂಮಿ’ಯಲ್ಲಿ ಪಹಣಿ ತೆಗೆಸಿ, ಮ್ಯುಟೇಶನ್ ನೋಡಿ. ಪಿತ್ರಾರ್ಜಿತದಲ್ಲಿ ಅವನಿಗೆಷ್ಟು ಪಾಲು ಬರುತ್ತದೆ ಎಂಬುದಕ್ಕೆ ವಂಶವೃಕ್ಷ ಬೇಕು. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ ತೆಗೆಸಲು ಮರೆಯಬೇಡಿ. ಕೇಸು ಹಾಕಿದ ಮೇಲೆ ತಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರವೋ ದಾನಪತ್ರವೋ ನೋಂದಣಿಯಾಗಿದ್ದರೆ ಅದರಲ್ಲಿ ತಾರೀಖು ಸಮೇತ ಕಾಣುತ್ತದೆ. ಡೇರಿಗೆ ಹಾಲು ಹಾಕುತ್ತಿದ್ದರೆ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕವಿರುತ್ತದೆ. ಅಡಿಕೆ, ಮೆಕ್ಕೆಜೋಳ, ರೇಷ್ಮೆಗೂಡು ಮಾರಿದ್ದಕ್ಕೆ ಮಾರುಕಟ್ಟೆಯ ಚೀಟಿ ಇರುತ್ತದೆ. ಟ್ರ್ಯಾಕ್ಟರಿಗೋ ಕಾರಿಗೋ ಸಾಲ ಎತ್ತಿದ್ದರೆ ಬ್ಯಾಂಕಿಗೆ ಕೊಟ್ಟ ಸಾಲದ ಅರ್ಜಿಯನ್ನು ತರಿಸಿ. ಜೀವನಾಂಶದ ಕೇಸಿನಲ್ಲಿ ಕೂಲಿ ಎಂದವನು ಬ್ಯಾಂಕಿನ ಮುಂದೆ ತನ್ನ ಆದಾಯವನ್ನು ಕಡಿಮೆ ಮಾಡಿ ಬರೆದಿರುವುದಿಲ್ಲ.

ಇವನ್ನೆಲ್ಲ ಹೆಣ್ಣುಮಗಳೇ ಅಲೆದು ತರಲಿ ಎನ್ನುವುದು ಅನ್ಯಾಯ. ಉದ್ಯೋಗದಾತರಿಂದ, ಬ್ಯಾಂಕಿನಿಂದ ದಾಖಲೆ ತರಿಸಲು ನ್ಯಾಯಾಲಯದ ಮೂಲಕ ಸಮನ್ಸ್ ಮಾಡಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11ರಡಿ ಲಿಖಿತ ಪ್ರಶ್ನಾವಳಿ ಕೊಟ್ಟು ಪ್ರಮಾಣದ ಮೇಲೆ ಉತ್ತರ ಕೇಳಬಹುದು ಎಂದು ರಜನೀಶ್ ತೀರ್ಪಿನಲ್ಲೇ ಇದೆ. ಸುಳ್ಳು ಅಫಿಡವಿಟ್ ಕೊಟ್ಟದ್ದು ಸಾಬೀತಾದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 340, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 379ರಡಿ ಕ್ರಮ ಕೋರಬಹುದು. ಅದನ್ನು ಮೊದಲ ದಿನವೇ ಬೆದರಿಕೆಯಾಗಿ ಬಳಸಬೇಡಿ, ದಾಖಲೆ ಕೈಗೆ ಬಂದ ಮೇಲೆ ಬಳಸಿ.

ಈಗೀಗ ಕಕ್ಷಿದಾರರು ಕಾಗದಕ್ಕಿಂತ ಮೊದಲು ಮೊಬೈಲ್ ಮುಂದೆ ಹಿಡಿಯುತ್ತಾರೆ. “ಅರವತ್ತು ಸಾವಿರ ದುಡೀತೀನಿ, ನಿಂಗೆ ಒಂದು ರೂಪಾಯಿ ಕೊಡಲ್ಲ” ಎಂದ ಕರೆಯ ರೆಕಾರ್ಡಿಂಗ್ ಅದರಲ್ಲಿರುತ್ತದೆ. ಗಂಡಹೆಂಡಿರ ನಡುವೆ ಗುಟ್ಟಾಗಿ ಮಾಡಿಕೊಂಡ ರೆಕಾರ್ಡಿಂಗನ್ನು ಅವರ ನಡುವಿನ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದು ವಿಭೋರ್ ಗರ್ಗ್ ಪ್ರಕರಣದಲ್ಲಿ 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಹೇಳಿತು. ಅದು ವಿಚ್ಛೇದನದ ಕೇಸು. ತೀರ್ಪು ಬಂತೆಂದು ಎಲ್ಲರಿಗೂ “ರೆಕಾರ್ಡ್ ಮಾಡಿಕೊಂಡು ಬನ್ನಿ” ಎನ್ನುವ ಸಲಹೆ ನನಗೆ ಸರಿ ಕಾಣುವುದಿಲ್ಲ. ಇನ್ನೂ ಒಂದಾಗುವ ಸಾಧ್ಯತೆ ಇರುವ ಮನೆಯಲ್ಲಿ ಅದು ಉಳಿದ ನಂಬಿಕೆಯನ್ನೂ ಕೊಲ್ಲುತ್ತದೆ. ಈಗಾಗಲೇ ಇರುವ ರೆಕಾರ್ಡಿಂಗನ್ನು ಮಾತ್ರ ಜೋಪಾನ ಮಾಡಿ: ಮೂಲ ಫೋನನ್ನು ಮಾರಲು, ಫಾರ್ಮ್ಯಾಟ್ ಮಾಡಲು ಬಿಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಸರ್ಟಿಫಿಕೇಟಿನಲ್ಲಿ ಈಗ ಎರಡು ಭಾಗಗಳಿವೆ. ಒಂದನ್ನು ಕಕ್ಷಿದಾರರು, ಇನ್ನೊಂದನ್ನು ತಜ್ಞರು ತುಂಬಬೇಕು, ಕಡತದ ಹ್ಯಾಶ್ ಮೌಲ್ಯ ನಮೂದಾಗಬೇಕು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಕಲಂ 14 ಸಾಕ್ಷ್ಯದ ನಿಯಮಗಳನ್ನು ಸಡಿಲಿಸಿದೆ ನಿಜ, ಆದರೂ ಸರ್ಟಿಫಿಕೇಟ್ ಮಾಡಿಸಿಯೇ ಹಾಕಿ. ಆಗ ಕೇಸು ಮೇಲಿನ ಕೋರ್ಟಿಗೆ ಹೋದರೂ ಪ್ರಶ್ನೆ ಏಳುವುದಿಲ್ಲ.

ಮೇಲಿನ ಕೋರ್ಟು ಎಂದಾಗ ಒಂದು ಮಾತು. ನಮ್ಮ ಕರ್ನಾಟಕದಲ್ಲಿ ಕಲಂ 144ರ ಅಂತಿಮ ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗುವುದು ಕೌಟುಂಬಿಕ ನ್ಯಾಯಾಲಯದ ಪುನರೀಕ್ಷಣಾ ಅರ್ಜಿ, ಅಂದರೆ ಆರ್‌ಪಿಎಫ್‌ಸಿ ಮೂಲಕ, ವಿಚ್ಛೇದನದ ಡಿಕ್ರಿಯ ವಿರುದ್ಧ ಮೇಲ್ಮನವಿ, ಅಂದರೆ ಎಂಎಫ್‌ಎ, ಕಲಂ 24ರ ಮಧ್ಯಂತರ ಆದೇಶದ ವಿರುದ್ಧ ರಿಟ್. ದಾರಿ ತಪ್ಪಿದರೆ ತಿಂಗಳುಗಳೇ ಹೋಗುತ್ತವೆ.

ಫೀಸಿನ ಬಗ್ಗೆಯೂ ಹೇಳಲೇಬೇಕು. ಬರುವ ಜೀವನಾಂಶದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ಬಾರ್ ಕೌನ್ಸಿಲಿನ ನಡತೆ ನಿಯಮಗಳು ನಿಷೇಧಿಸಿವೆ. ಫೀಸು ಕೊಡಲಾಗದ ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸಿ. 1987ರ ಕಾಯ್ದೆಯ ಕಲಂ 12ರಡಿ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಆದೇಶವಾಯಿತು, ದುಡ್ಡು ಬರಲಿಲ್ಲ

ಹೆಂಡತಿಗೆ 8,000, ಮಗುವಿಗೆ 5,000, ಒಟ್ಟು 13,000 ರೂಪಾಯಿ ಎಂದು ಆದೇಶವಾಯಿತು ಎನ್ನಿ. ಅರ್ಜಿ ಹಾಕಿ 18 ತಿಂಗಳಾಗಿದೆ. ಅರ್ಜಿಯ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರಬೇಕು ಎಂದು ರಜನೀಶ್ ತೀರ್ಪು ಹೇಳಿರುವುದರಿಂದ ಆದೇಶದ ದಿನವೇ 2,34,000 ರೂಪಾಯಿ ಬಾಕಿ ನಿಂತಿರುತ್ತದೆ. ಕಕ್ಷಿದಾರಳು ಸಂತೋಷದಿಂದ ಊರಿಗೆ ಹೋಗುತ್ತಾಳೆ. “ಕೊಡ್ತಾರೆ ಬಿಡಿ ಮೇಡಂ, ಕೋರ್ಟ್ ಹೇಳಿದ ಮೇಲೆ ಕೊಡದೆ ಇರ್ತಾರಾ” ಎನ್ನುತ್ತಾಳೆ. ಎಷ್ಟೋ ಸಲ ಕೊಡುವುದಿಲ್ಲ. ಹಿರಿಯರು ರಾಜಿ ಪಂಚಾಯ್ತಿ ಮಾಡುತ್ತಾರೆ, ಹಬ್ಬ ಬರುತ್ತದೆ, ಮಗುವಿನ ಪರೀಕ್ಷೆ ಬರುತ್ತದೆ. ಅಷ್ಟರಲ್ಲಿ ವರ್ಷ ದಾಟಿರುತ್ತದೆ.

ಕಲಂ 144ರ 3ನೇ ಉಪಕಲಮಿನ ಪರಂತುಕವನ್ನು ಕಿರಿಯರು ತಪ್ಪದೆ ಓದಬೇಕು. ಬಾಕಿ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕದಿದ್ದರೆ ಆ ಕಲಮಿನಡಿ ವಾರಂಟ್ ಹೊರಡಿಸುವಂತಿಲ್ಲ. ಅವಧಿ ಮೀರಿದ ಮಾತ್ರಕ್ಕೆ ಸಾಲ ಅಳಿಸಿಹೋಗುವುದಿಲ್ಲ, ಆ ವಾರಂಟಿನ ದಾರಿ ಮಾತ್ರ ಮುಚ್ಚುತ್ತದೆ ಎಂದು 2013ರ ಪೂಂಗೋಡಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದರೆ ಅತಿ ಬೇಗ ಕೆಲಸ ಮಾಡುವ ದಾರಿಯೇ ಅದು. ಅವಧಿಯೊಳಗೆ ಒಂದು ಅರ್ಜಿ ಹಾಕಿಟ್ಟರೆ ಮುಂದಿನ ತಿಂಗಳುಗಳ ಬಾಕಿಗೆ ಮತ್ತೆ ಮತ್ತೆ ಹೊಸ ಅರ್ಜಿ ಬೇಕಿಲ್ಲ, ಅದೇ ಅರ್ಜಿಯಲ್ಲಿ ಸೇರಿಸಿಕೊಳ್ಳಬಹುದು. ಇದು ನಮ್ಮ ಕರ್ನಾಟಕದಿಂದಲೇ ಹೋದ ಶಾಂತಾ ವಿರುದ್ಧ ಬಿ.ಜಿ. ಶಿವನಂಜಪ್ಪ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು. ಪ್ರತಿ ವಾಯಿದೆಗೂ ಬಾಕಿಯ ಮೆಮೊವನ್ನು ತಿಂಗಳುವಾರು ಹೊಸದಾಗಿ ಬರೆದುಕೊಂಡು ಹೋಗಿ. ಬಂದದ್ದೆಷ್ಟು, ಯಾವ ದಿನ, ಯಾವ ಖಾತೆಗೆ ಎಂಬುದು ಅದರಲ್ಲಿ ಇರಲಿ. ಲೆಕ್ಕ ಸ್ಪಷ್ಟವಿದ್ದರೆ “ಕೈಯಲ್ಲಿ ಕೊಟ್ಟಿದ್ದೇನೆ ಸ್ವಾಮಿ” ಎಂಬ ಮಾತಿಗೆ ಅವನೇ ರಸೀದಿ ತೋರಿಸಬೇಕಾಗುತ್ತದೆ.

“ಜೈಲಿಗೆ ಹೋಗಿ ಬರ್ತೀನಿ, ದುಡ್ಡು ಕೊಡಲ್ಲ” ಎಂದು ಹಟ ಹಿಡಿಯುವವರೂ ಇದ್ದಾರೆ. ಅವರ ವಕೀಲರು ಅವರಿಗೆ ಸರಿಯಾಗಿ ತಿಳಿಸಬೇಕು: ಜೈಲು ವಾಸ ಹಣ ಕೊಡಿಸುವ ಒತ್ತಾಯ ಅಷ್ಟೇ, ಅದರಿಂದ ಬಾಕಿ ತೀರುವುದಿಲ್ಲ. ಕುಲದೀಪ್ ಕೌರ್ ಪ್ರಕರಣದಲ್ಲಿ 1988ರಲ್ಲೇ ಇದು ಇತ್ಯರ್ಥವಾಗಿದೆ. ಹೆಣ್ಣುಮಗಳ ಕಡೆಯಿಂದ ನೋಡಿದರೂ ಅವನು ಜೈಲಿನಲ್ಲಿದ್ದರೆ ಅವಳ ಮನೆಗೆ ಅಕ್ಕಿ ಬರುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದು ಸಂಬಳದ ಜಪ್ತಿ, ಆಮೇಲೆ ಬ್ಯಾಂಕ್ ಖಾತೆಯ ಜಪ್ತಿ, ಕೊನೆಗೆ ಬಂಧನದ ವಾರಂಟ್. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆ ಅಮಲ್ಜಾರಿ ಮಾಡಿಸಬಹುದು ಎಂದು ರಜನೀಶ್ ತೀರ್ಪಿನಲ್ಲಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21ರ ನಿಯಮ 48 ಮತ್ತು 48ಎ ಅಡಿಯಲ್ಲಿ ಸರ್ಕಾರಿ ನೌಕರನಾದರೂ ಖಾಸಗಿ ನೌಕರನಾದರೂ ಸಂಬಳದಿಂದ ಕಡಿತ ಮಾಡಿ ಕಳಿಸುವಂತೆ ಆದೇಶ ಪಡೆಯಬಹುದು.

ಆಗ ಬೇಕಾಗುವುದು ಉದ್ಯೋಗದಾತರ ಹೆಸರು ವಿಳಾಸ, ಬ್ಯಾಂಕ್ ಖಾತೆ ನಂಬರ್, ವಾಹನದ ನಂಬರ್, ಜಮೀನಿನ ಸರ್ವೆ ನಂಬರ್. ಅವೆಲ್ಲ ಬೇರೆಲ್ಲೂ ಇಲ್ಲ, ಎರಡು ವರ್ಷದ ಹಿಂದೆ ಎದುರುದಾರ ಸಹಿ ಮಾಡಿ ಕೊಟ್ಟ ಅಫಿಡವಿಟ್ಟಿನಲ್ಲೇ ಇವೆ. ಅಂದು ಅವನು ಖಾಲಿ ಬಿಟ್ಟ ಕಾಲಂಗಳನ್ನು ತಕರಾರಿಲ್ಲದೆ ಒಪ್ಪಿಕೊಂಡಿದ್ದರೆ ಇಂದು ಜಪ್ತಿ ಮಾಡಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಆದೇಶದ ದೃಢೀಕೃತ ಪ್ರತಿ ಕೈಗೆ ಬಂದ ದಿನ ಕಡತದ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಎರಡು ತಾರೀಖು ಬರೆಯಿರಿ, ಒಂದು ಆದೇಶದ್ದು, ಇನ್ನೊಂದು ಅದಕ್ಕೆ ಹನ್ನೊಂದು ತಿಂಗಳು ಕೂಡಿಸಿದ್ದು. ಎರಡನೆಯ ತಾರೀಖನ್ನು ಕಕ್ಷಿದಾರಳ ಫೋನಿನಲ್ಲೂ ಅಲಾರಂ ಇಡಿಸಿ. ಊರಿಗೆ ಹೋದವಳು ಮರೆತರೂ ಆ ದಿನ ಬೆಳಿಗ್ಗೆ ಫೋನು ಕೂಗಿಕೊಳ್ಳುತ್ತದೆ.